ಟೇಬಲ್ ಮೇಲಿನ ಯುದ್ಧಕ್ಕೆ ಯಾವ ರೂಲ್ಸ್ ಒಳ್ಳೆಯದು?

ಚಾರಿತ್ರಿಕ ಯುದ್ಧಗಳನ್ನು ಮಿನಿಯೇಚರ್ ಸೈನಿಕರನ್ನಿಟ್ಟು ಆಡಬೇಕು ಅಂತ ಆಸೆಪಟ್ಟವರು ಮೊದಲು ಕೇಳುವುದು ಇದನ್ನೇ: ‘ಯಾವ ರೂಲ್‌ಬುಕ್ ಕೊಳ್ಳಲಿ?’ ಇದಕ್ಕೆ ಉತ್ತರ ಹೇಳುವ ಮುಂಚೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಆಟದಲ್ಲಿ ನೀವು ಯಾರಾಗಬೇಕು? ಐವತ್ತು ಜನರನ್ನು ನಡೆಸುವ ಕ್ಯಾಪ್ಟನ್ನೋ, ಇಡೀ ಸೈನ್ಯವನ್ನು ನಡೆಸುವ ಸೇನಾಪತಿಯೋ? ಇದು ಇತ್ಯರ್ಥವಾಗದೆ ಪುಸ್ತಕ ಕೊಂಡರೆ ಅದು ಎಷ್ಟು ಒಳ್ಳೆಯದಾದರೂ ಬೇಸರ ತರಿಸುತ್ತದೆ.

ನಮ್ಮದೇ ಚರಿತ್ರೆಯ ಒಂದು ಕದನ ತೆಗೆದುಕೊಳ್ಳಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸೇರಿ ಕರ್ನಲ್ ವಿಲಿಯಂ ಬೇಲಿಯ ಈಸ್ಟ್ ಇಂಡಿಯಾ ಕಂಪನಿ ಪಡೆಯನ್ನು ಸುತ್ತುವರಿದು ಮುರಿದರು. ಹೈದರನ ಜಾಗದಲ್ಲಿ ಕೂತವನು ಯೋಚಿಸಬೇಕಾದದ್ದು ಕುದುರೆಪಡೆಯನ್ನು ಯಾವ ಕಡೆಯಿಂದ ಕಳಿಸುವುದು, ಫಿರಂಗಿಗಳನ್ನು ಎಲ್ಲಿ ನಿಲ್ಲಿಸುವುದು, ಮೀಸಲು ಪಡೆಯನ್ನು ಯಾವಾಗ ಬಿಡುವುದು. ಒಬ್ಬ ಸಿಪಾಯಿ ಬಂದೂಕಿಗೆ ಮತ್ತೆ ಮದ್ದು ತುಂಬಿದನೋ ಇಲ್ಲವೋ ಎನ್ನುವುದು ಅವನ ಚಿಂತೆಯಲ್ಲ. ಅದನ್ನೂ ಅವನ ಕೈಯಲ್ಲೇ ಲೆಕ್ಕ ಹಾಕಿಸುವ ರೂಲ್ಸ್ ಆದರೆ ಮೂರು ಗಂಟೆಯಲ್ಲಿ ಎರಡು ಟರ್ನ್ ಮುಗಿದಿರುತ್ತದೆ, ಅಷ್ಟೆ.

ಕ್ಯಾಪ್ಟನ್ ಆಗಬೇಕೆನ್ನುವವರಿಗೆ ನನ್ನ ಆಯ್ಕೆ ‘ಶಾರ್ಪ್ ಪ್ರಾಕ್ಟೀಸ್’. ಇದರಲ್ಲಿ ಒಂದು ಗೊಂಬೆ ಅಂದರೆ ಒಬ್ಬ ಮನುಷ್ಯ, ಸಾಲು ಕಟ್ಟಿ ಹೋರಾಡುವ ಕಾಲಾಳುಗಳು ಎಂಟೆಂಟರ ಗುಂಪು. ಪ್ರತಿ ನಾಯಕನಿಗೂ ಒಂದು ಕಾರ್ಡು. ಕಾರ್ಡು ಹೊರಬಂದಾಗಲೇ ಅವನ ಸರದಿ. ‘ಟಿಫಿನ್’ ಅನ್ನುವ ಕಾರ್ಡು ಬಂದರೆ ಟರ್ನ್ ಮುಗಿಯುತ್ತದೆ, ಹಾಗಾಗಿ ಯಾರಿಗೆ ಅವಕಾಶ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ನಲವತ್ತೈವತ್ತು ಗೊಂಬೆ, ಆರಡಿ ನಾಲ್ಕಡಿ ಟೇಬಲ್ ಇದ್ದರೆ ಧಾರಾಳ.

ಸೇನಾಪತಿಯಾಗಬೇಕೆನ್ನುವವರು ‘ಬ್ಲ್ಯಾಕ್ ಪೌಡರ್’ ನೋಡಲಿ. 2009ರಲ್ಲಿ ಬಂದ ಪುಸ್ತಕ, 18 ಮತ್ತು 19ನೇ ಶತಮಾನದ ಯುದ್ಧಗಳಿಗೆ. ಇದರ ಜೀವ ಇರುವುದು ಆಜ್ಞೆ ಕೊಡುವ ಕ್ರಮದಲ್ಲಿ. ಏನು ಮಾಡಬೇಕೆಂದು ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಎರಡು ದಾಳ ಉರುಳಿಸಬೇಕು. ದಂಡನಾಯಕನ ಅಂಕ ಸಾಮಾನ್ಯವಾಗಿ 8. ಮೊತ್ತ ಎಂಟಾಗಲಿ ಏಳಾಗಲಿ ಬಂದರೆ ಒಂದು ನಡೆ, ಆರಕ್ಕೆ ಎರಡು, ಐದು ಅಥವಾ ಅದಕ್ಕಿಂತ ಕಡಿಮೆಗೆ ಮೂರು. ಎಂಟು ದಾಟಿದರೆ ಪಡೆ ಅಲ್ಲೇ ನಿಲ್ಲುತ್ತದೆ, ಆ ನಾಯಕ ಆ ಟರ್ನ್‌ನಲ್ಲಿ ಬೇರೆ ಯಾರಿಗೂ ಆಜ್ಞೆ ಕೊಡುವಂತಿಲ್ಲ.

ಹೊಸಬರು ‘ಇದೆಲ್ಲ ಬರೀ ಅದೃಷ್ಟ’ ಎಂದು ಪುಸ್ತಕ ಮುಚ್ಚುವುದು ಇಲ್ಲಿಯೇ. ಲೆಕ್ಕ ಹಾಕಿ ನೋಡಿ. ನಾಯಕನ ಅಂಕ 8 ಇದ್ದಾಗ ಒಂದು ಆಜ್ಞೆ ಫಲಿಸುವ ಸಂಭವ ಶೇ. 72. ನಾಲ್ಕು ಬೆಟಾಲಿಯನ್‌ಗಳಿಗೆ ಬೇರೆ ಬೇರೆಯಾಗಿ ಆಜ್ಞೆ ಕೊಟ್ಟರೆ ನಾಲ್ಕೂ ಫಲಿಸುವ ಸಂಭವ ಶೇ. 27 ಮಾತ್ರ. ಆದ್ದರಿಂದ ಯಾರು ಕದಲಲೇಬೇಕೋ ಅವರಿಗೆ ಮೊದಲ ಆಜ್ಞೆ. ಎಲ್ಲರೂ ಒಂದೇ ಕಡೆ ಹೋಗುವುದಾದರೆ ಇಡೀ ಬ್ರಿಗೇಡ್‌ಗೆ ಒಂದೇ ಆಜ್ಞೆ, ಒಂದೇ ಸಲ ದಾಳ. ಆಟದ ಜಾಣ್ಮೆಯೆಲ್ಲ ಈ ಸರದಿಯನ್ನು ನಿರ್ಧರಿಸುವುದರಲ್ಲಿದೆ, ನನಗೆ ಈ ಪುಸ್ತಕ ಇಷ್ಟವಾಗುವುದೂ ಇದಕ್ಕೇ.

ಇದರ ನಿಜವಾದ ತೊಂದರೆ ಟೇಬಲ್ಲಿನದು. ಕಾಲಾಳುಗಳ ಒಂದು ನಡೆ 12 ಇಂಚು. ಮೂರು ನಡೆ ಸಿಕ್ಕರೆ 36 ಇಂಚು. ಮನೆಯ ಊಟದ ಟೇಬಲ್ಲಿನ ಅಗಲ ಮೂರಡಿ, ಅಂದರೆ ಅದೂ 36 ಇಂಚೇ. ಒಂದೇ ಟರ್ನ್‌ನಲ್ಲಿ ಈ ಅಂಚಿನಿಂದ ಆ ಅಂಚು! ಇಂಚಿದ್ದಲ್ಲೆಲ್ಲ ಸೆಂಟಿಮೀಟರ್ ಎಂದು ಓದಿಕೊಂಡರೆ ಇದು ಸರಿಹೋಗುತ್ತದೆ. ಆದರೆ ಆಗ ಗೊಂಬೆಗಳ ಅಳತೆಯೂ ಇಳಿಯಬೇಕು. 28 ಎಂಎಂ ಎತ್ತರದ ಗೊಂಬೆಗಳು 24, ಎರಡು ಸಾಲು, ತಲಾ 20 ಎಂಎಂ ಜಾಗ ಅಂದರೆ ಬೆಟಾಲಿಯನ್ ಅಗಲ 24 ಸೆಂ.ಮೀ. ಅದು ಒಂದು ತುದಿಯನ್ನು ಊರಿಕೊಂಡು 90 ಡಿಗ್ರಿ ತಿರುಗಬೇಕಾದರೆ ಇನ್ನೊಂದು ತುದಿ ಸುಮಾರು 38 ಸೆಂ.ಮೀ. ಸಾಗಬೇಕು, ನಡೆ ಇರುವುದು 12 ಸೆಂ.ಮೀ. ಪಡೆ ಗೋಡೆಯ ಹಾಗೆ ನಿಂತುಬಿಡುತ್ತದೆ. ಅದೇ 6 ಅಥವಾ 10 ಎಂಎಂ ಗೊಂಬೆಗಳಲ್ಲಿ 8 ಸೆಂ.ಮೀ. ಅಗಲದ ಬೆಟಾಲಿಯನ್ ಮಾಡಿಕೊಂಡರೆ ಹೆಚ್ಚುಕಡಿಮೆ ಒಂದೇ ನಡೆಯಲ್ಲಿ ತಿರುಗುತ್ತದೆ.

ಆದ್ದರಿಂದ ಗೊಂಬೆ ಕೊಳ್ಳುವ ಮುಂಚೆ ರಟ್ಟು ಕತ್ತರಿಸಿ. ಪಡೆಯ ಅಳತೆಗೆ ಸರಿಯಾಗಿ ರಟ್ಟಿನ ತುಂಡು, ಅದರ ಮೇಲೆ ಹೆಸರು, ಮುಖ ಯಾವ ಕಡೆ ಅನ್ನುವುದಕ್ಕೆ ಒಂದು ಬಾಣದ ಗುರುತು. ಒಂದೊಂದು ಕಡೆಗೆ ನಾಲ್ಕು ಪಡೆ ಸಾಕು, ವಿಶೇಷ ನಿಯಮಗಳನ್ನೆಲ್ಲ ಬಿಟ್ಟು ಆಡಿ. ಹೀಗೆ ಆಡಿಯೂ ಮಜಾ ಬರದಿದ್ದರೆ ಬಣ್ಣ ಹಚ್ಚಿದ ಗೊಂಬೆಗಳು ಆ ರೂಲ್ಸನ್ನು ಉಳಿಸಲಾರವು.

ಜಾಗವೂ ಹೊತ್ತೂ ಎರಡೂ ಕಡಿಮೆ ಎನ್ನುವವರಿಗೆ, ಆನೆ ರಥಗಳ ಕಾಲ ಇಷ್ಟ ಎನ್ನುವವರಿಗೆ 1990ರಲ್ಲಿ ಮೊದಲು ಬಂದ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಎಂಬ ರೂಲ್ಸ್ ಇದೆ. ಒಂದು ಸೈನ್ಯಕ್ಕೆ ಹನ್ನೆರಡೇ ಬೇಸ್ (ಗೊಂಬೆಗಳನ್ನು ಅಂಟಿಸಿ ನಿಲ್ಲಿಸುವ ತೆಳು ತುಂಡು), 15 ಎಂಎಂ ಗೊಂಬೆಗಳಾದರೆ ಎರಡಡಿ ಚೌಕದ ಹಲಗೆ, ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ. ಟರ್ನ್‌ಗೆ ಒಂದೇ ದಾಳ, ಬಿದ್ದಷ್ಟು ನಡೆ. ಅಂಟಿಕೊಂಡು ನಿಂತ ಬೇಸ್‌ಗಳು ಒಟ್ಟಿಗೆ ಒಂದೇ ನಡೆಯಲ್ಲಿ ಸಾಗುತ್ತವೆ, ಸಾಲು ಒಡೆದರೆ ಒಂದೊಂದಕ್ಕೂ ಒಂದೊಂದು ನಡೆ ಖರ್ಚು. ಪುಸ್ತಕದ ಭಾಷೆ ಮಾತ್ರ ಬಿಗಿ. ಮೊದಲ ಓದಿಗೆ ಅರ್ಥವಾಗಲಿಲ್ಲವೆಂದು ಎದೆಗುಂದಬೇಡಿ.

ಬೇಸ್ ಬಗ್ಗೆ ಒಂದು ಮಾತು. ಇಷ್ಟೇ ಎಂಎಂ ಇರಬೇಕು ಎನ್ನುವುದಕ್ಕಿಂತ ಎರಡೂ ಸೈನ್ಯಗಳಿಗೆ ಒಂದೇ ಅಳತೆ ಇರುವುದು ಮುಖ್ಯ. 28 ಎಂಎಂ ಗೊಂಬೆಗಳನ್ನು ಒಂದೊಂದಾಗಿ 20 ಎಂಎಂ ಬೇಸ್ ಮೇಲೆ ನಿಲ್ಲಿಸಿ, ದೊಡ್ಡ ಆಟಕ್ಕೆ ಅವನ್ನೇ ಟ್ರೇಯಲ್ಲಿ ಜೋಡಿಸಿ. ಅದೇ ಗೊಂಬೆ ಎರಡೂ ಬಗೆಯ ರೂಲ್ಸಿಗೆ ಆಗುತ್ತದೆ. ಅಂಟಿಸಿದ್ದನ್ನು ಕಿತ್ತು ಮತ್ತೆ ಅಂಟಿಸುವ ಕೆಲಸದಲ್ಲಿ ಪಾದ ಮುರಿಯುತ್ತದೆ, ಬಣ್ಣ ಏಳುತ್ತದೆ.

ರೂಲ್ಸ್ ತಿದ್ದುವ ಆಸೆ ಎಲ್ಲರಿಗೂ ಬರುತ್ತದೆ, ಬರಲಿ. ಮೂರು ಸಲ ಇದ್ದ ಹಾಗೆಯೇ ಆಡಿ, ಆಮೇಲೆ ಒಂದು ಸಲಕ್ಕೆ ಒಂದನ್ನೇ ತಿದ್ದಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಉದಾಹರಣೆಗೆ, ಮೈಸೂರಿನ ರಾಕೆಟ್ಟುಗಳನ್ನು ಫಿರಂಗಿಯ ಲೆಕ್ಕದಲ್ಲೇ ಆಡಿದರೆ ಅವು ಸಪ್ಪೆ. ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿದ ಆ ಬಾಣ ಎತ್ತ ಹೋಗುತ್ತದೆ ಎನ್ನುವುದು ಹಾರಿಸಿದವನಿಗೂ ಖಾತ್ರಿಯಿರಲಿಲ್ಲ. ಹಾಗಾಗಿ ದಾಳದಲ್ಲಿ 1–2 ಬಿದ್ದರೆ ರಾಕೆಟ್ಟು ಎಡಕ್ಕೆ, 3–4 ನೇರ, 5–6 ಬಲಕ್ಕೆ. ತಗುಲಿದ ಪಡೆಯಲ್ಲಿ ಸಾವಿಗಿಂತ ಗೊಂದಲ ಹೆಚ್ಚು, ಕುದುರೆಪಡೆಯಾದರೆ ಇನ್ನೂ ಹೆಚ್ಚು.

ಪೊಲ್ಲಿಲೂರನ್ನೇ ಆಡುವುದಾದರೆ ಎರಡೂ ಕಡೆಗೆ ಸಮ ಪಾಯಿಂಟ್ ಹಂಚಬೇಡಿ, ಅದು ಸಮಬಲದ ಕದನವಾಗಿರಲಿಲ್ಲ. ಬೇಲಿಗೆ ಆರು ಪಡೆ ಕೊಟ್ಟರೆ ಮೈಸೂರಿಗೆ ಹದಿನಾಲ್ಕಾದರೂ ಇರಲಿ. ಕಂಪನಿಯ ಮದ್ದಿನ ಬಂಡಿಗಳು ಅಂದು ಸಿಡಿದಿದ್ದವು. ಆದ್ದರಿಂದ ಬಂಡಿಗೆ ಬೇರೆಯೇ ಬೇಸ್ ಇಡಿ; ಗುಂಡು ತಾಗಿದಾಗ 6 ಬಿದ್ದರೆ ಬಂಡಿ ಹೋಯಿತು, 15 ಸೆಂ.ಮೀ. ಒಳಗಿನ ಪಡೆಗಳೆಲ್ಲ ಚೆಲ್ಲಾಪಿಲ್ಲಿ. ಹತ್ತಿರದಲ್ಲೇ ಇದ್ದ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋನ ದೊಡ್ಡ ಪಡೆ ಅಂದು ನೆರವಿಗೆ ಬರಲಿಲ್ಲ. ಆಟದಲ್ಲಿ ಆರನೇ ಟರ್ನ್‌ನಿಂದ ಪ್ರತಿ ಟರ್ನ್‌ಗೂ ಒಂದು ದಾಳ ಉರುಳಿಸಿ, 6 ಬಿದ್ದರೆ ಅವನು ಬರಲಿ. ಬೇಲಿಯ ಕಡೆಯವರಿಗೆ ಕೊನೆಯವರೆಗೂ ಹೋರಾಡಲು ಒಂದು ಕಾರಣ ಸಿಗುತ್ತದೆ, ಮೈಸೂರಿನವರಿಗೆ ಬೇಗ ಮುಗಿಸುವ ಒತ್ತಡ ಇರುತ್ತದೆ. ಹತ್ತನೇ ಟರ್ನ್ ಮುಗಿದಾಗ ಬೇಲಿಯ ಎರಡು ಪಡೆ ಇನ್ನೂ ನಿಂತಿದ್ದರೆ ಗೆಲುವು ಅವನದು.