ಕಾರ್ನಾರ್ವನ್ ಕಮರಿಯಲ್ಲಿ ಒಂದು ಪುಟ್ಟ ಕೈ

ಬೆಳಿಗ್ಗೆ ಬೇಗನೆ ಹೊರಟೆವು. ಜುಲೈ ಅಂದ್ರೆ ಆಸ್ಟ್ರೇಲಿಯಾದಲ್ಲಿ ಚಳಿಗಾಲ. ಬಾಯಿ ತೆರೆದರೆ ಹೊಗೆ. ಹಿಂದಿನ ದಿನ ಬ್ರಿಸ್ಬೇನಿನಿಂದ 700 ಕಿಲೋಮೀಟರಿಗೂ ಜಾಸ್ತಿ ಕಾರು ಓಡಿಸಿ ಬಂದಿದ್ದೆವು. ದಾರಿಯುದ್ದಕ್ಕೂ ಒಣ ಬಯಲು, ದನಗಳು, ಧೂಳು. ಹಾಗಾಗಿ ಕಮರಿಯೊಳಗೆ ಕಾಲಿಟ್ಟಾಗ ಅಷ್ಟು ಹಸಿರನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ನಾನು ಬಾದಾಮಿಯವಳು. ಮರಳುಗಲ್ಲು ನನಗೆ ಹೊಸದಲ್ಲ. ನಮ್ಮೂರ ಬಂಡೆ ಕೆಂಪು, ಬಿಸಿಲಿಗೆ ಕಾದು ಅಂಗಾಲು ಸುಡುತ್ತದೆ. ಇಲ್ಲಿನ ಗೋಡೆಗಳು ಬಿಳಿ, ಅಲ್ಲಲ್ಲಿ ಹಳದಿ. ಬುಡದಲ್ಲಿ ಹರಿಯುವ ನೀರು. ಇದು ಬಿಜಾರಾ ಮತ್ತು ಕರಿಂಗ್‌ಬಲ್ ಎಂಬ ಮೂಲನಿವಾಸಿ ಜನರ ನೆಲ. ಮುಂಡಗುರ್ರಾ ಎಂಬ ಕಾಮನಬಿಲ್ಲಿನ ಹಾವು ನೀರಿಗಿಳಿಯುತ್ತಾ, ಮೇಲೇಳುತ್ತಾ ಸಾಗಿದ್ದರಿಂದ ಈ ಕಮರಿ ಆಯಿತು ಎನ್ನುತ್ತಾರೆ ಬಿಜಾರಾ ಹಿರಿಯರು. ತೊರೆಯ ತಿರುವುಗಳನ್ನು ನೋಡುತ್ತಾ ನಡೆದರೆ ಆ ಹಾವು ಕಣ್ಣಿಗೆ ಕಟ್ಟುತ್ತದೆ.

ದಾರಿ ತೊರೆಯನ್ನು ಮತ್ತೆ ಮತ್ತೆ ದಾಟುತ್ತದೆ. ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಟ್ಟು ಹೋಗಬೇಕು. "ರೀ, ಆ ಕಲ್ಲು ಅಲುಗಾಡತೈತಿ, ಈ ಕಡೆಯಿಂದ ಬರ್ರಿ" ಅಂತ ನಾನು ಮುಂದೆ, ನಮ್ಮ ಮನೆಯವರು ಹಿಂದೆ. ದಡದಲ್ಲಿ ಬೀಸಣಿಗೆಯಂಥ ಎಲೆಯ ಎತ್ತರದ ತಾಳೆಮರಗಳು. ಅವುಗಳ ನೆರಳಲ್ಲಿ ನೋಡಲು ಗಿಡ್ಡ ತಾಳೆಯಂತಿರುವ ಸೈಕಾಡ್ ಗಿಡಗಳು. ಸೈಕಾಡ್ ಬೀಜ ವಿಷ. ಇಲ್ಲಿನ ಜನ ಅದನ್ನು ನೀರಿನಲ್ಲಿ ನೆನೆಸಿ, ವಿಷ ಕಳೆದು ತಿನ್ನುತ್ತಿದ್ದರು. ಇದನ್ನು ಮೊದಲು ಕಂಡುಕೊಂಡವರು ಎಷ್ಟು ತಾಳ್ಮೆಯವರಿರಬೇಕು ಅಲ್ವಾ?

ಪಕ್ಕದ ಕವಲೊಂದರಲ್ಲಿ ಪಾಚಿಯ ತೋಟವಿದೆ, ಮಾಸ್ ಗಾರ್ಡನ್. ಮೇಲೆ ಬಿದ್ದ ಮಳೆ ಮರಳುಗಲ್ಲಿನೊಳಗೆ ನಿಧಾನಕ್ಕೆ ಇಳಿಯುತ್ತದೆ. ಕೆಳಗೆ ನೀರು ಬಿಡದ ಗಟ್ಟಿ ಪದರ ಅಡ್ಡ ಬಂದಾಗ ಪಕ್ಕಕ್ಕೆ ಹರಿದು ಗೋಡೆಯಿಂದ ಒಸರುತ್ತದೆ. ಗೋಡೆ ತುಂಬಾ ಹಸಿರು. ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನಿಲ್ಲ.

ವಾರ್ಡ್ಸ್ ಕ್ಯಾನಿಯನ್ನಿಗೆ ಮೆಟ್ಟಿಲು ಕಡಿದಾಗಿವೆ, ಉಸಿರು ಹತ್ತುತ್ತದೆ. ಹತ್ತಿಯೇ ನೋಡಬೇಕು. ಇಕ್ಕಟ್ಟಾದ ಸಂದು, ತಣ್ಣನೆ ಗಾಳಿ, ಅಲ್ಲಿ ಕಿಂಗ್ ಫರ್ನ್ ಎಂಬ ದೈತ್ಯ ಜರೀಗಿಡಗಳು. ಒಂದೊಂದು ಗರಿ ನಮ್ಮಿಬ್ಬರ ಎತ್ತರ ಕೂಡಿಸಿದರೂ ಮೀರುತ್ತದೆ. ಅಷ್ಟು ದೊಡ್ಡ ಗರಿಯಲ್ಲಿ ಮರದಂಥ ಗಟ್ಟಿ ನಾರಿಲ್ಲ. ಒಳಗೆ ತುಂಬಿದ ನೀರಿನ ಒತ್ತಡವೇ ಅದನ್ನು ನಿಲ್ಲಿಸಿದೆ. ಸುತ್ತಲ ನಾಡು ಒಣಗುತ್ತಾ ಹೋದರೂ ಈ ಸಂದಿನಲ್ಲಿ ನೀರು ಆರಲಿಲ್ಲ, ಇವು ಉಳಿದುಕೊಂಡವು.

ಅಲ್ಲಿಂದ ಮುಂದೆ ಆರ್ಟ್ ಗ್ಯಾಲರಿ. ನಾನು ಇಷ್ಟು ದೂರ ಬಂದದ್ದೇ ಇದಕ್ಕೆ. 62 ಮೀಟರ್ ಉದ್ದದ ಬಂಡೆಗೋಡೆ. ಅದರ ಮೇಲೆ 2000ಕ್ಕೂ ಹೆಚ್ಚು ಗುರುತುಗಳು. ಕಲ್ಲಲ್ಲಿ ಕೆತ್ತಿದವು ಕೆಲವು, ಬಣ್ಣದಲ್ಲಿ ಬರೆದವು ಕೆಲವು. ಎಮುವಿನ ಹೆಜ್ಜೆ, ಬೂಮರಾಂಗು, ಕೊಡಲಿ, ಬಲೆ. ಮತ್ತೆ ಕೈಗಳು, ಎಲ್ಲೆಲ್ಲೂ ಕೈಗಳು.

ಕೈಯನ್ನು ಬಂಡೆಗೆ ಒತ್ತಿ ಹಿಡಿಯುತ್ತಿದ್ದರು. ಕೆಮ್ಮಣ್ಣಿನ ಪುಡಿಯನ್ನು ನೀರಿನ ಜೊತೆ ಬಾಯಲ್ಲಿ ಕಲಸಿ ಅದರ ಸುತ್ತ ಊದುತ್ತಿದ್ದರು. ಕೈ ತೆಗೆದರೆ ಸುತ್ತ ಕೆಂಪು, ನಡುವೆ ಬರಿ ಕಲ್ಲು. ಅಂದರೆ ನಾವು ನೋಡುತ್ತಿರುವುದು ಕೈ ಇದ್ದ ಜಾಗ, ಒಬ್ಬರ ಉಸಿರು ಹೋಗಿ ಬಿದ್ದ ಕಡೆ. ಎದೆಮಟ್ಟಕ್ಕಿಂತ ಕೆಳಗೆ ಒಂದು ಪುಟ್ಟ ಕೈ ಇತ್ತು. ನಾಲ್ಕೈದು ವರ್ಷದ ಮಗುವಿನದಿರಬೇಕು. ಬೆರಳು ಅಗಲಿಸಿಕೊಂಡಿತ್ತು. ಆ ವಯಸ್ಸಿನ ಮಗು ಅಲ್ಲಾಡದೆ ನಿಲ್ಲಬೇಕಾದರೆ ಯಾರೋ ಮೊಣಕೈ ಹಿಡಿದುಕೊಂಡಿರುತ್ತಾರೆ, ಅಮ್ಮನೋ ಅಜ್ಜಿಯೋ. ನಮ್ಮಜ್ಜಿ ಹಬ್ಬಕ್ಕೆ ಗೋಡೆಗೆ ಕೆಮ್ಮಣ್ಣು ಸಾರಿಸುವಾಗ ಬರುತ್ತಿದ್ದ ಒದ್ದೆ ಮಣ್ಣಿನ ವಾಸನೆ ನೆನಪಾಗಿ ನನಗೆ ಕಣ್ಣು ತುಂಬಿತು.

ಆಮೇಲೆ ತೊರೆಯ ದಡದಲ್ಲಿ ಕೂತು ಚಪಾತಿ, ಶೇಂಗಾ ಹಿಂಡಿ ತಿಂದೆವು. ಮಾತು ಬಲೂನ್ ಕೇವ್ ಕಡೆ ತಿರುಗಿತು. ಅದೂ ಇದೇ ಕಮರಿಯಲ್ಲಿದ್ದ ಚಿತ್ರಗಳ ಜಾಗ. ನೋಡುವವರಿಗೆ ಅನುಕೂಲವಾಗಲಿ ಎಂದು ಮುಂದೆ ಮರುಬಳಕೆಯ ಪ್ಲಾಸ್ಟಿಕ್ಕಿನ ನಡೆದಾರಿ ಹಾಕಿದ್ದರು. 2018ರಲ್ಲಿ ಕಾಡ್ಗಿಚ್ಚು ಬಂದಾಗ ಅದು ಹೊತ್ತಿಕೊಂಡಿತು. ಆ ಕಾವಿಗೆ ಬಂಡೆ ಸಿಡಿದು ಚಕ್ಕೆ ಎದ್ದು, ಚಿತ್ರಗಳೂ ಹಾಳಾದವು. ಹೋದದ್ದು ಹೋದಂತೆಯೇ. ಯಾರೂ ಬೇಕಂತ ಮಾಡಿದ್ದಲ್ಲ, ಅದಕ್ಕೇ ಇನ್ನೂ ಸಂಕಟ. ಆ ಗೋಡೆಯ ಮೇಲಿನ ಕೈಗಳ ಮೊಮ್ಮಕ್ಕಳು, ಮರಿಮಕ್ಕಳು ಇವತ್ತಿಗೂ ಇದ್ದಾರೆ. ಅವರಿಗೆ ಆ ಸುದ್ದಿ ಹೇಗೆ ಮುಟ್ಟಿತೋ.

ಇವರು ಡಬ್ಬಿ ಮುಚ್ಚುತ್ತಾ, "ಇನ್ನೊಮ್ಮೆ ನೋಡಿ ಬರೋಣೇನು?" ಎಂದರು. ಮರಳಿ ಹೋದೆವು. ಬಿಸಿಲು ಸರಿದಿತ್ತು. ಪುಟ್ಟ ಕೈಯ ಸುತ್ತಲಿನ ಕೆಂಪು ಈಗ ಮೊದಲಿಗಿಂತ ಗಾಢವಾಗಿ ಕಾಣುತ್ತಿತ್ತು. ಇಬ್ಬರೂ ಮಾತಾಡಲಿಲ್ಲ. ಹೊತ್ತು ಇಳಿಯುವ ಮೊದಲು ತೊರೆಗಳನ್ನೆಲ್ಲ ದಾಟಬೇಕಿತ್ತು, ಆದರೂ ಸುಮ್ನೆ ನಿಂತಿದ್ದೆವು.