ಒಂದೂವರೆ ಸೆಕೆಂಡ್

21 ಅಡಿ ದೂರದಲ್ಲಿ ಚಾಕು ಹಿಡಿದು ನಿಂತವನು ಮೈಮೇಲೆ ಬೀಳೋಕೆ ಸುಮಾರು ಒಂದೂವರೆ ಸೆಕೆಂಡ್ ಸಾಕು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲೇ ಈ ಲೆಕ್ಕ ಬರೆದರು. ಅಷ್ಟರಲ್ಲಿ 'ನನಗ್ಯಾಕೆ ಹೊಡೀತಾನೆ?' ಅಂತ ಯೋಚಿಸ್ತಾ ನಿಂತರೆ ಮುಗೀತು. ಕೈಕಾಲು ಮರಗಟ್ಟೋದು ಹೇಡಿತನ ಅಲ್ಲವೇ ಅಲ್ಲ. ಎಷ್ಟೋ ಸಲ ಮುಂದಿನ ಹೆಜ್ಜೆ ತಲೆಯಲ್ಲಿ ಸಿದ್ಧ ಇರೋದಿಲ್ಲ, ಅಷ್ಟೇ.

ಅದಕ್ಕೇ ಎಟಿಎಂ, ಪಾರ್ಕಿಂಗ್, ರಾತ್ರಿಯ ಬಸ್ ಸ್ಟಾಪಲ್ಲಿ ನಿಂತಾಗ 'ಈಗ ಇವನು ನುಗ್ಗಿದರೆ?' ಅಂತ ಕೇಳ್ಕೊಳ್ಳಿ. ಉತ್ತರ ಚಿಕ್ಕದಿರಲಿ: ಎಡಗಡೆ ಮೆಡಿಕಲ್ ಶಾಪ್, ಅಲ್ಲಿಗೆ ಓಟ. ಇಯರ್‌ಫೋನ್ ಒಂದೇ ಕಿವಿಗೆ. ಯಾರಾದರೂ ಟೈಮ್ ಕೇಳುವ ನೆಪದಲ್ಲಿ ತೀರಾ ಹತ್ತಿರ ಬಂದರೆ ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಅಂಗೈ ಎದೆಮಟ್ಟಕ್ಕೆ ಎತ್ತಿ, 'ಅಲ್ಲೇ ನಿಲ್ಲಿ' ಅಂತ ಗಟ್ಟಿಯಾಗಿ ಹೇಳಿ. ಮುಖ ಅಲ್ಲ, ಅವನ ಕೈ ನೋಡಿ. ಪರ್ಸ್ ಕೇಳಿದರೆ ದೂರ ಎಸೆದು ಓಡಿ, ಆಮೇಲೆ ಪೊಲೀಸರ 112ಕ್ಕೆ ಫೋನ್ ಮಾಡಿ. 'ಗಾಡಿ ಹತ್ತು' ಅಂದರೆ ಮಾತ್ರ ಅಲ್ಲೇ ಕಿರುಚಿ, ಒದ್ದಾಡಿ, ಆದಷ್ಟೂ ಹತ್ತಬೇಡಿ.

ಕೇಸಿನ ಭಯಕ್ಕೆ ಕೈ ಕಟ್ಟಿ ನಿಲ್ಲೋರೂ ಇದ್ದಾರೆ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲೇ ಇದೆ. ಆದರೆ ಓಡಿಹೋಗುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಬಾರಿಸಿದರೆ ಆ ರಕ್ಷಣೆ ನಿಮಗೆ ಸಿಗೋದು ಕಷ್ಟ.