ಪ್ರೀತಿಯೋ, ಬಟ್ಟಲೋ?

ನಾಯಿ ಸಾಕಿದವರಿಗೆ ಜನ ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಕಚ್ಚುತ್ತಾ? ಕೂದಲು ಉದುರುತ್ತಾ? ನೀವು ಊರಲ್ಲಿ ಇಲ್ಲದಾಗ ಯಾರು ನೋಡ್ಕೋತಾರೆ? ಒಂದು ಪ್ರಶ್ನೆ ಮಾತ್ರ ಪ್ರತಿಸಲವೂ ನನ್ನ ಬಾಯಿ ಕಟ್ಟುತ್ತಿತ್ತು: "ಅಲ್ಲಾ, ಅದಕ್ಕೆ ನಿಜವಾಗ್ಲೂ ನಿಮ್ಮ ಮೇಲೆ ಪ್ರೀತಿನಾ, ಇಲ್ಲಾ ಊಟ ಹಾಕ್ತೀರಿ ಅಂತ ಬಾಲ ಅಲ್ಲಾಡಿಸುತ್ತಾ?"

ಕೇಳಿದವರು ತಾವೇ ನಗುತ್ತಾರೆ. ನಾನೂ ನಕ್ಕು ಮಾತು ಮರೆಸುತ್ತಿದ್ದೆ. ಹದಿಮೂರು ವರ್ಷ ಜೊತೆಗಿದ್ದ ಚುಕ್ಕಿ ಹೋದ ಮೇಲೆ ಹಾಗೆ ತೇಲಿಸಿಬಿಡಲು ಮನಸ್ಸು ಬರುತ್ತಿಲ್ಲ.

ಮೊದಲೇ ಒಪ್ಪಿಕೊಳ್ಳುತ್ತೇನೆ, ಬಟ್ಟಲಿನ ಮಹಿಮೆ ಸಣ್ಣದಲ್ಲ. ಡಬ್ಬದ ಮುಚ್ಚಳ ತೆಗೆದ ಸದ್ದು ಎರಡು ಕೋಣೆ ಆಚೆ ಮಲಗಿದ್ದ ಚುಕ್ಕಿಗೆ ಕೇಳುತ್ತಿತ್ತು. ಸ್ನಾನಕ್ಕೆ ಬಾ ಎಂದು ಪಕ್ಕದಲ್ಲೇ ನಿಂತು ಕೂಗಿದರೆ ಕೇಳುತ್ತಿರಲಿಲ್ಲ. ಅವಳಿಗೆ ಯಾವುದು ಲಾಭ, ಯಾವುದು ನಷ್ಟ ಎಂಬ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. (ವ್ಯಾಕರಣದ ಪ್ರಕಾರ 'ಅದಕ್ಕೆ' ಎನ್ನಬೇಕು. ಹದಿಮೂರು ವರ್ಷದಲ್ಲಿ ನನ್ನ ಬಾಯಿಗೆ ಅದು ಬರಲಿಲ್ಲ, ಇನ್ನು ಬರುವುದೂ ಇಲ್ಲ.)

ನಾಯಿಯ ಮನಸ್ಸನ್ನು ಓದುವುದರಲ್ಲಿ ನಾವು ಎಡವುತ್ತೇವೆ ಎಂಬುದನ್ನೂ ಒಪ್ಪುತ್ತೇನೆ. ಚುಕ್ಕಿ ದಿಂಬು ಹರಿದ ದಿನ ಕಿವಿ ಹಿಂದಕ್ಕೆ ಒತ್ತಿಕೊಂಡು, ಓರೆಗಣ್ಣಲ್ಲಿ ನೋಡುತ್ತಾ ಮೂಲೆ ಸೇರಿದ್ದಳು. "ನೋಡು, ತಪ್ಪು ಮಾಡಿದ್ದು ಗೊತ್ತು ಅವಳಿಗೆ" ಎಂದು ಮನೆಯವರೆಲ್ಲ ತೀರ್ಪು ಕೊಟ್ಟೆವು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಇದೇ ಮುಖವನ್ನು ಪರೀಕ್ಷೆಗೆ ಒಡ್ಡಿದ್ದರು. ತಿನ್ನಬೇಡ ಎಂದದ್ದನ್ನು ನಾಯಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಬೈಗುಳ ಬಿದ್ದಾಗ ಆ ಮುಖ ಬರುತ್ತಿತ್ತು, ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲೂ. ಅಂದರೆ ಚುಕ್ಕಿಯ ಮುಖದಲ್ಲಿ ನಾನು ಕಂಡದ್ದು ಪಶ್ಚಾತ್ತಾಪವಲ್ಲ, ನನ್ನದೇ ಸಿಟ್ಟಿನ ನೆರಳು. ಹಾಗಿದ್ದರೆ ಅವಳ ಪ್ರೀತಿಯೂ ನನ್ನದೇ ಕಲ್ಪನೆಯೇ? ನ್ಯಾಯವಾದ ಅನುಮಾನ.

ಈ ಅನುಮಾನವನ್ನು ಬೆನ್ನು ಹತ್ತಿದವರಿದ್ದಾರೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗುವುದನ್ನು ಕಲಿಸಿದರು. ಮತ್ತಿನ ಮದ್ದಿಲ್ಲ, ಕಟ್ಟಿಹಾಕಿದ್ದೂ ಇಲ್ಲ. (ಪಶುವೈದ್ಯರ ಮೇಜಿನ ಮೇಲೆ ಒಂದು ನಿಮಿಷ ನಿಲ್ಲದ ಚುಕ್ಕಿಯನ್ನು ನೆನೆದರೆ ನನಗೆ ಇದೇ ದೊಡ್ಡ ಸಾಧನೆ.) 2016ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 15 ನಾಯಿಗಳಿದ್ದವು. ಒಂದು ಗುರುತು ತೋರಿಸಿದರೆ ತಿಂಡಿ ಬರುತ್ತದೆ, ಇನ್ನೊಂದು ತೋರಿಸಿದರೆ ಒಡೆಯರು ಎದುರಿಗೆ ಬಂದು ಮುದ್ದಿನ ಮಾತಾಡುತ್ತಾರೆ. ಯಾವುದಕ್ಕೆ ಮಿದುಳಿನ ಸಂತೋಷದ ಭಾಗ ಹೆಚ್ಚು ಮಿಡಿಯುತ್ತದೆ ಎಂದು ನೋಡಿದರು. ಒಂಬತ್ತು ನಾಯಿಗಳಿಗೆ ಎರಡೂ ಹೆಚ್ಚುಕಡಿಮೆ ಒಂದೇ. ನಾಲ್ಕಕ್ಕೆ ಮಾತೇ ಹೆಚ್ಚು. ಎರಡಕ್ಕೆ ತಿಂಡಿ ಹೆಚ್ಚು. ಆ ಎರಡರ ಮೇಲೆ ನನಗೇನೂ ಬೇಸರವಿಲ್ಲ, ಅಂಥ ನೆಂಟರು ನಮಗೂ ಇದ್ದಾರೆ.

ಜಪಾನಿನಲ್ಲಿ 2015ರಲ್ಲಿ ನಡೆದ ಇನ್ನೊಂದು ಅಧ್ಯಯನ ಕಣ್ಣಿನದು. ಒಡೆಯರ ಮುಖವನ್ನು ಹೆಚ್ಚು ಹೊತ್ತು ದಿಟ್ಟಿಸಿದ ನಾಯಿಗಳಲ್ಲೂ, ಆ ನೋಟ ಪಡೆದ ಒಡೆಯರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರಿತ್ತು. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ಕೈಯಾರೆ ಸಾಕಿ ಬೆಳೆಸಿದ ತೋಳಗಳು ಹಾಗೆ ಮುಖ ನೋಡುತ್ತಿದ್ದದ್ದೇ ಅಪರೂಪ, ಆ ಏರಿಕೆಯೂ ಅವುಗಳಲ್ಲಿ ಕಾಣಲಿಲ್ಲ. ಬಟ್ಟಲು ತೋಳಕ್ಕೂ ಸಿಕ್ಕಿತ್ತು ಎಂಬುದನ್ನು ಗಮನಿಸಿ.

ಆದರೆ ಪ್ರಶ್ನೆ ಕೇಳುವವರ ಮುಂದೆ ನಾನು ಈ ಯಾವುದನ್ನೂ ಹೇಳುವುದಿಲ್ಲ, ಹಾಚಿಕೊನ ವಿಷಯ ಎತ್ತುತ್ತೇನೆ. ಟೋಕಿಯೊದ ಪ್ರಾಧ್ಯಾಪಕ ಉಎನೊ ಸಾಕಿದ್ದ ಅಕಿಟಾ ತಳಿಯ ನಾಯಿ ಅದು. 1925ರ ಮೇ ತಿಂಗಳಲ್ಲಿ ಕೆಲಸಕ್ಕೆ ಹೋದ ಅವರು ಅಲ್ಲೇ ತೀರಿಕೊಂಡರು. ಹಾಚಿಕೊ 1935ರ ಮಾರ್ಚ್‌ನಲ್ಲಿ ಸಾಯುವವರೆಗೂ ಶಿಬುಯಾ ರೈಲು ನಿಲ್ದಾಣದಲ್ಲಿ ಅವರಿಗಾಗಿ ಕಾದದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಏನೆಂದರೆ, ನನ್ನನ್ನು ಕೇಳುವ ಪ್ರಶ್ನೆಯನ್ನೇ ಜನ ಹಾಚಿಕೊನ ಬಗ್ಗೆಯೂ ಕೇಳಿದ್ದರು. ನಿಲ್ದಾಣದ ಸುತ್ತ ಸುಟ್ಟ ಕೋಳಿಮಾಂಸ ಮಾರುವವರಿದ್ದರು, ನಾಯಿ ಬರುತ್ತಿದ್ದದ್ದು ಆ ಮಾಂಸದ ಆಸೆಗೆ ಎಂದರು. ಸತ್ತ ಮೇಲೆ ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ಮಾಂಸ ಪೋಣಿಸುವ ಕಡ್ಡಿಗಳು ಸಿಕ್ಕಿದ್ದೂ ನಿಜ.

ಸರಿ, ತಿಂದಿತು. ಹತ್ತು ವರ್ಷ ಒಂದು ಜೀವ ಕಾಯಬೇಕಾದರೆ ತಿನ್ನದೆ ಹೇಗೆ ಇರುತ್ತದೆ? ಪತ್ರಿಕೆಯಲ್ಲಿ ಅದರ ಬಗ್ಗೆ ಬಂದು ಊರಿಗೆಲ್ಲ ಮುದ್ದಾದದ್ದು 1932ರಲ್ಲಿ. ಅದಕ್ಕೂ ಮುಂಚಿನ ಏಳು ವರ್ಷ ಅಲ್ಲಿ ಸಿಕ್ಕದ್ದರಲ್ಲಿ ತುತ್ತಿನ ಜೊತೆ ಗದರಿಕೆ, ಏಟುಗಳೂ ಇದ್ದವು. ತುತ್ತನ್ನೇ ಹುಡುಕಿ ಹೊರಟ ನಾಯಿ ಇದಕ್ಕಿಂತ ಮೆತ್ತನೆಯ ಜಾಗ ನೋಡಿಕೊಳ್ಳುತ್ತಿತ್ತು ಎಂದು ನನ್ನ ವಾದ. ಒಪ್ಪದವರು ಒಪ್ಪುವುದಿಲ್ಲ.

ನನಗೆ ಅನುಮಾನ ಹರಿದದ್ದು ಬೇರೆ ಕಡೆ. ಚುಕ್ಕಿಗೆ ಕೊನೆಗಾಲದಲ್ಲಿ ಕಿಡ್ನಿ ಕೈಕೊಟ್ಟಿತು. ರಕ್ತದಲ್ಲಿ ಕಶ್ಮಲ ಉಳಿದುಕೊಂಡು ಸದಾ ವಾಕರಿಕೆ, ಊಟದ ವಾಸನೆಯೇ ಆಗುತ್ತಿರಲಿಲ್ಲ. ಬಟ್ಟಲು ಹತ್ತಿರ ತಂದರೆ ಮೂತಿ ತಿರುಗಿಸುತ್ತಿದ್ದಳು. ಬೆರಳಿಗೆ ಹಚ್ಚಿ ಕೊಟ್ಟರೂ ನೆಕ್ಕಲಿಲ್ಲ. ಕೊನೆಕೊನೆಗೆ ನಾನು ಬಟ್ಟಲು ಹಿಡಿದು ಬಂದರೆ ಅವಳಿಗೆ ಹಿಂಸೆ ಎಂದು ತಿಳಿಯಿತು. ಅಂದರೆ ಆ ದಿನಗಳಲ್ಲಿ ನನ್ನಿಂದ ಅವಳಿಗೆ ಆಗಬೇಕಾದ್ದು ಏನೂ ಉಳಿದಿರಲಿಲ್ಲ, ನಾನು ತರುತ್ತಿದ್ದದ್ದು ಕಹಿ ಔಷಧ ಮತ್ತು ಸೂಜಿ ಮಾತ್ರ.

ಊಟ ಬಿಟ್ಟ ನಾಲ್ಕನೇ ದಿನ ಸಂಜೆ ಬಾಗಿಲು ತೆಗೆದು ಒಳಗೆ ಬಂದೆ. ಕಿವಿ ಹೋಗಿ ವರ್ಷವಾಗಿತ್ತು, ಆದರೂ ತಲೆ ಎತ್ತಿದ್ದಳು. ಮುಂಗಾಲು ಊರಿದಳು. ಹಿಂಗಾಲು ನೆಲದ ಮೇಲೆ ಜಾರಿತು, ಮತ್ತೆ ಊರಿದಳು, ಮತ್ತೆ ಜಾರಿತು. ಬೇಡ, ಮಲಕ್ಕೋ ಎನ್ನುತ್ತಾ ನಾನು ಚಪ್ಪಲಿ ಬಿಡದೆ ಓಡಿದೆ. ಅಷ್ಟರಲ್ಲಿ ಹೇಗೋ ಎದ್ದು ಮೂರು ಹೆಜ್ಜೆ ಬಂದು, ನನ್ನ ಮೊಣಕಾಲಿಗೆ ಹಣೆ ಒತ್ತಿ ನಿಂತುಬಿಟ್ಟಳು. ಬಾಲ ಬಾಗಿಲಿಗೆ ಬಡಿಯುತ್ತಿತ್ತು, ಟಪ್, ಟಪ್, ನಡುನಡುವೆ ಸುಸ್ತಾಗಿ ನಿಲ್ಲಿಸಿ. ಹಿಂದೆ ಬಟ್ಟಲು ತುಂಬಿದ ಹಾಗೇ ಇತ್ತು.

ಊಟಕ್ಕಾಗಿಯೋ ಪ್ರೀತಿಗಾಗಿಯೋ ಎಂದು ಕೇಳುವವರು ಇವೆರಡನ್ನೂ ಬೇರೆ ಮಾಡಿಕೊಂಡೇ ಮಾತು ಶುರುಮಾಡುತ್ತಾರೆ. ನಾವು ಅಮ್ಮನನ್ನು ಹಚ್ಚಿಕೊಂಡದ್ದು ಎಲ್ಲಿಂದ? ಹಸಿವಾದಾಗ ಬಂದವಳು ಎಂಬಲ್ಲಿಂದಲೇ. ದಿನಾ ಅದೇ ಹೊತ್ತಿಗೆ, ಅದೇ ಕೈ, ಅದೇ ವಾಸನೆ, ಅದೇ ದನಿ ಬಟ್ಟಲಿನ ಜೊತೆ ಬರುತ್ತದೆ. ಬರುತ್ತಾ ಬರುತ್ತಾ ಒಂದು ದಿನ ಬಟ್ಟಲಿಲ್ಲದೆಯೂ ಆ ಕೈ ಸಾಕು ಎನಿಸುತ್ತದೆ. ಯಾವ ದಿನ ಎಂದು ಕೇಳಿದರೆ ನಾಯಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಇನ್ನು, ಈ ಪ್ರಶ್ನೆಯನ್ನು ನಮಗೆ ತಿರುಗಿಸಿ ಕೇಳಿದವರನ್ನು ನಾನು ನೋಡಿಲ್ಲ. ಕಾವಲಿಗೆ, ಬೇಟೆಗೆ ಎಂದು ತಾನೇ ನಾವು ನಾಯಿ ಸಾಕಿದ್ದು? ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ, ಸುಮಾರು 14,000 ವರ್ಷ ಹಳೆಯ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ಏಳು ತಿಂಗಳ ನಾಯಿಮರಿಯೂ ಇತ್ತು. ಅದರ ಹಲ್ಲು ಪರೀಕ್ಷಿಸಿದವರು ಮರಿಗೆ ಡಿಸ್ಟೆಂಪರ್ ಎಂಬ ನಾಯಿಗಳ ಮಾರಕ ಕಾಯಿಲೆ ಬಡಿದಿತ್ತು, ಯಾರೋ ವಾರಗಟ್ಟಲೆ ಆರೈಕೆ ಮಾಡದೆ ಅದು ಅಷ್ಟು ದಿನ ಬದುಕುವುದು ಸಾಧ್ಯವಿರಲಿಲ್ಲ ಎನ್ನುತ್ತಾರೆ. ಕಾಯಿಲೆ ಬಿದ್ದ ಮರಿಯಿಂದ ಯಾವ ಬೇಟೆ, ಯಾವ ಕಾವಲು? ನಮ್ಮ ಆತಕೂರಿನ ಶಾಸನವೂ ಇದೆಯಲ್ಲ, ಸುಮಾರು 950ರದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ತನ್ನ ಒಡೆಯ ಗಂಗ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯ ಜೊತೆ ಸೆಣಸಿ ಕಾಳಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಈಗಲೂ ಇದೆ, ನಾಯಿ ಹಂದಿಯ ಕಾದಾಟದ ಕೆತ್ತನೆಯ ಸಮೇತ. ಮಣಲೆರನನ್ನೂ ಯಾರಾದರೂ ಕೇಳಿರಬಹುದು, ಒಂದು ನಾಯಿಗೆ ಇಷ್ಟೆಲ್ಲ ಯಾಕೆ ಅಂತ.

ಮೂರು ವಾರದಿಂದ ನಮ್ಮ ಮನೆಯಲ್ಲಿ ಹೊಸ ಮರಿ ಇದೆ. ಸದ್ಯಕ್ಕೆ ಅದಕ್ಕೆ ಬಟ್ಟಲೇ ಪ್ರಪಂಚ, ಹಾಕುವ ಕೈ ಯಾರದಾದರೂ ಆದೀತು. ನನ್ನ ಬಾಯಲ್ಲೂ ಇನ್ನೂ 'ಅದು' ಎಂದೇ ಬರುತ್ತಿದೆ. ನಿನ್ನೆ ಬೆಳಿಗ್ಗೆ ಬಟ್ಟಲಿಟ್ಟು ಎದ್ದು ಹೊರಟೆ. ನಾಲ್ಕು ತುತ್ತು ತಿಂದು, ತಲೆ ಎತ್ತಿ, ನಾನು ಯಾವ ಕಡೆ ಹೋದೆ ಎಂದು ನೋಡಿತು. ಆಮೇಲೆ ಮತ್ತೆ ಬಟ್ಟಲಿಗೆ ಬಾಯಿ ಹಾಕಿತು.